ಅಭಾವ ಅಂದ್ರೆ ಕೊರತೆ, ಕೊರತೆ ಅಂದ್ರೆ ಅಭಾವ: ಒಂದು ಐದನೇ ತರಗತಿಯ ಪದಗಳ ವರ್ಷ

"ಅಭಾವ ಅಂದ್ರೆ ಏನು?"

"ಕೊರತೆ ರೀ ಟೀಚರ್."

"ಕೊರತೆ ಅಂದ್ರೆ?"

"ಅಭಾವ ರೀ."

ಜುಲೈ ತಿಂಗಳ ಒಂದು ಮಧ್ಯಾಹ್ನ ಐದನೇ ತರಗತಿಯಲ್ಲಿ ನಡೆದ ಮಾತು ಇದು. ಉತ್ತರ ಕೊಟ್ಟ ಹುಡುಗಿ ಚೆನ್ನಾಗಿ ಓದುವವಳು. ಪಾಠವನ್ನು ಎಲ್ಲೂ ತಡವರಿಸದೆ ಓದಿದ್ದಳು. ಕೊನೆಯಲ್ಲಿದ್ದ ಪದಗಳ ಅರ್ಥವನ್ನು ಐದೈದು ಸಲ ಬರೆದಿದ್ದಳು. ಟೆಸ್ಟಿನಲ್ಲಿ ಅಂಕವೂ ಬಂದಿತ್ತು. ಆದರೆ ಆ ಎರಡು ಪದಗಳು ಒಂದರ ಕೈಯನ್ನೊಂದು ಹಿಡಿದುಕೊಂಡು ಗಾಳಿಯಲ್ಲಿ ನಿಂತಿದ್ದವು. ನಾನು ಬೋರ್ಡಿನ ಮೇಲೆ ಬರೆಸಿದ್ದನ್ನೇ ಆಕೆ ನನಗೆ ವಾಪಸ್ ಕೊಟ್ಟಿದ್ದಳು.

ನಮ್ಮದು ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಆ ವರ್ಷ ಐದನೇ ತರಗತಿಯಲ್ಲಿ 27 ಮಕ್ಕಳು. ಹೆಚ್ಚಿನವರ ಮನೆಯಲ್ಲಿ ಮಗ್ಗ ಇದೆ. ಉಳಿದವರು ಒಕ್ಕಲುತನದವರು, ಕಲ್ಲಿನ ಕ್ವಾರಿಗೆ ಹೋಗುವವರು. ಮನೆಯಲ್ಲಿ ಉರ್ದು ಆಡುವ ಐದಾರು ಮಕ್ಕಳು, ಲಂಬಾಣಿ ತಾಂಡಾದಿಂದ ಬರುವ ಮೂವರು. ಎಲ್ಲರೂ ಒಂದರಿಂದ ಮೂರನೇ ತರಗತಿವರೆಗೆ ಚಟುವಟಿಕೆಗಳಿಂದ ಕಲಿಸುವ ನಲಿ-ಕಲಿಯಲ್ಲಿ ಕಲಿತು ಬಂದವರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿ 2009ರಿಂದ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೆ ಬಂತು. ನಲಿ-ಕಲಿ ಕೋಣೆಯಲ್ಲಿ ತಲೆ ಎತ್ತಿದರೆ ಸಾಕು, ದಾರದ ಮೇಲೆ ಪದಗಳು ತೂಗುತ್ತಿರುತ್ತವೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಗೋಡೆ ಖಾಲಿ ಆಗುತ್ತದೆ. ಅದೇ ಹೊತ್ತಿಗೆ ಪುಸ್ತಕದ ಭಾಷೆ ದಪ್ಪ ಆಗುತ್ತದೆ. ಪರಿಣಾಮ, ಹೋಲಿಕೆ, ಸಮೃದ್ಧಿ, ಅನಿವಾರ್ಯ, ಸಂಗ್ರಹ, ಇಂಥವು ಸಾಲಿಗೆ ಒಂದರಂತೆ ಬರುತ್ತವೆ. ಅಕ್ಷರ ಬಂದರೂ ಅರ್ಥ ಬಾರದ ಜಾಗ ಇದೇ.

ಮೊದಲು ಮಾಡಿದ್ದು, ಕೈ ಹಿಡಿಯದ್ದು

ಆ ವಾರವೇ ನಾನು ಒಂದು ಪದಗಳ ಗೋಡೆ ಮಾಡಿದೆ. ಬಣ್ಣದ ಚಾರ್ಟು ತಂದು, ದಿನಕ್ಕೆ ಹತ್ತು ಪದ, ಎದುರಿಗೆ ಅರ್ಥ, ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆ. ಮೊದಲ ವಾರ ಮಕ್ಕಳು ಓಡಿ ಬಂದು ಓದಿದರು. ಎರಡನೇ ವಾರ ಕೇಳಿದರೆ ಓದಿದರು. ಮೂರನೇ ವಾರ ಯಾರೂ ಆ ಕಡೆ ನೋಡಲಿಲ್ಲ. ಗೋಡೆ ಮೇಲಿದ್ದ ಪದಕ್ಕೂ ಮಕ್ಕಳ ದಿನಕ್ಕೂ ಏನೂ ಸಂಬಂಧ ಇರಲಿಲ್ಲ. ಆ ಪದ ಬಳಸದಿದ್ದರೆ ಯಾವ ಕೆಲಸವೂ ನಿಲ್ಲುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಹಾಲಿನ ಹೊತ್ತಿನಲ್ಲಿ. 2013ರಿಂದ ನಮ್ಮ ಶಾಲೆಗಳಲ್ಲಿ ಕ್ಷೀರಭಾಗ್ಯ ನಡೆಯುತ್ತಿದೆ. 18 ಗ್ರಾಂ ಪುಡಿಯಿಂದ ಒಂದು ಮಗುವಿಗೆ 150 ಮಿಲಿ ಲೀಟರ್ ಹಾಲು. ಅಡುಗೆಯ ಅಕ್ಕ ಪುಡಿಯನ್ನು ಒಮ್ಮೆಲೇ ಬಿಸಿ ನೀರಿಗೆ ಸುರಿಯುವುದಿಲ್ಲ. ಮೊದಲು ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಆಮೇಲೆ ದೊಡ್ಡ ಪಾತ್ರೆಗೆ ಹಾಕುತ್ತಾರೆ. ಒಂದು ದಿನ ಆಕೆ ರಜೆ. ಬದಲಿಗೆ ಬಂದವರು ಅವಸರದಲ್ಲಿ ಪುಡಿ ಸುರಿದರು. ಹಾಲಿನ ತುಂಬಾ ಗಂಟು. ಮಕ್ಕಳು ಲೋಟ ಹಿಡಿದು ಮುಖ ಸಿಂಡರಿಸಿದರು. ಒಬ್ಬ ಹೇಳಿದ: "ಪುಡಿ ಕರಗಿಲ್ರಿ, ಸುಮ್ನ ಕದಡ್ಯಾರ."

ನಾನು ಅಲ್ಲೇ ನಿಂತುಬಿಟ್ಟೆ. ಕರಗುವುದು, ಕದಡುವುದು. ಇವೆರಡರ ವ್ಯತ್ಯಾಸ ತಿಳಿಸಲು ಪರಿಸರ ಅಧ್ಯಯನದ ಒಂದು ಇಡೀ ಅವಧಿ ಬೇಕಾಗುತ್ತದೆ. ಆ ಹುಡುಗ ಅದನ್ನು ಲೋಟ ನೋಡಿ ಹೇಳಿದ್ದ. ಎರಡು ಪದಗಳು ಅವನಿಗೆ ಆಗಲೇ ಬೇಕಾಗಿದ್ದವು, ಯಾಕಂದರೆ ಅವನು ಒಂದು ದೂರು ಹೇಳಬೇಕಿತ್ತು. ಮರುದಿನ ನಾನು ಒಂದು ಲೋಟ ನೀರಿಗೆ ಸಕ್ಕರೆ, ಇನ್ನೊಂದಕ್ಕೆ ಕೆಮ್ಮಣ್ಣು ಹಾಕಿ ಅಲ್ಲಾಡಿಸಿ ಮೇಜಿನ ಮೇಲೆ ಇಟ್ಟೆ. "ಯಾವುದು ಕರಗಿತು, ಯಾವುದು ಕದಡಿತು?" ಮಧ್ಯಾಹ್ನದ ಹೊತ್ತಿಗೆ ಮಣ್ಣು ತಳಕ್ಕೆ ಇಳಿದಿತ್ತು. "ತಳ ಹಿಡಿದೈತ್ರಿ" ಅಂದರು. ತಳ ಹಿಡಿಯುವುದು ಅಂದರೆ ಅವರಿಗೆ ಅನ್ನ ಸೀದು ಹೋಗುವುದು. "ಇಲ್ಲಿ ತಳ ಸೇರಿತು ಅನ್ನೋಣ" ಅಂದೆ. ಹೀಗೆ ಒಂದು ಗಂಟಿನ ಹಾಲಿನಿಂದ ಮೂರು ಪದ ಬಂದವು. ಮೂರೂ ವರ್ಷಪೂರ್ತಿ ಉಳಿದವು.

ಅಂದು ನಾನು ಚಾರ್ಟು ತೆಗೆದೆ. ಪದಕ್ಕೆ ಅಂತ ಬೇರೆ ಅವಧಿ ಇಡಬಾರದು ಅಂತ ತೀರ್ಮಾನ ಮಾಡಿದೆ. ದಿನಾ ಹೇಗೂ ನಡೆಯುವ ಕೆಲಸಗಳಿವೆ: ಹಾಜರಿ, ಹಾಲು, ಊಟದ ಪಾಳಿ, ಮನೆಗೆ ಹೊರಡುವುದು. ಪದ ಅಲ್ಲಿಗೇ ಹೋಗಲಿ.

ಯಾವ ಪದ?

ಈ ಪ್ರಶ್ನೆಗೆ ನನಗೆ ಸಹಾಯ ಆಗಿದ್ದು ಅಮೆರಿಕದ ಸಂಶೋಧಕಿ ಇಸಬೆಲ್ ಬೆಕ್ ಮತ್ತು ಅವರ ಜೊತೆಗಾರರ ಒಂದು ವಿಚಾರ. ಅವರು ಪದಗಳನ್ನು ಮೂರು ಹಂತ ಮಾಡುತ್ತಾರೆ. ಮಾತಿನಲ್ಲಿ ತಾನಾಗಿಯೇ ಬರುವ ಪದಗಳು ಒಂದು. ಒಂದೇ ವಿಷಯಕ್ಕೆ ಸೇರಿದ ಪದಗಳು ಇನ್ನೊಂದು. ಇವೆರಡರ ನಡುವೆ, ಯಾವ ಪುಸ್ತಕ ತೆರೆದರೂ ಎದುರಾಗುವ, ಆದರೆ ಮನೆಮಾತಿನಲ್ಲಿ ಅಷ್ಟಾಗಿ ಬಾರದ ಪದಗಳು. ಶಿಕ್ಷಕರು ಹೆಚ್ಚು ಗಮನ ಕೊಡಬೇಕಾದ್ದು ಈ ನಡುವಿನ ಪದಗಳಿಗೆ ಅನ್ನುವುದು ಅವರ ಮಾತು.

ಅವರ ಹಂತಗಳು ಇಂಗ್ಲಿಷಿಗೆ ಮಾಡಿದವು. ನಮ್ಮಲ್ಲಿ ಇನ್ನೂ ಒಂದು ತೊಡಕು ಇದೆ. ಮಗುವಿಗೆ ಗೊತ್ತಿರುವ ಪದವೇ ಪುಸ್ತಕದಲ್ಲಿ ಬೇರೆ ವೇಷದಲ್ಲಿ ಬಂದಿರುತ್ತದೆ. ನಮ್ಮ ಮಕ್ಕಳಿಗೆ ಎರಿ ಹೊಲ ಗೊತ್ತು, ಮಸಾರಿ ಹೊಲ ಗೊತ್ತು. ಯಾವುದರಲ್ಲಿ ನೀರು ನಿಲ್ಲುತ್ತದೆ, ಯಾವುದು ಬೇಸಿಗೆಯಲ್ಲಿ ಬಿರಿಯುತ್ತದೆ ಅಂತ ಹೇಳಬಲ್ಲರು. ಪುಸ್ತಕದಲ್ಲಿ ಕಪ್ಪು ಮಣ್ಣು, ಕೆಂಪು ಮಣ್ಣು ಅಂತ ಬಂದಾಗ ಮಾತ್ರ ಹೊಸದಾಗಿ ಬಾಯಿಪಾಠ ಮಾಡುತ್ತಾರೆ. ಊಟದ ಪಾಳಿ ಅಂದರೆ ಗೊತ್ತು, ಸರದಿ ಅಂದರೆ ಗೊತ್ತಿಲ್ಲ. ಇಂಥ ಕಡೆ ಅರ್ಥ ಹೇಳುವ ಅಗತ್ಯವೇ ಇಲ್ಲ. ಎರಡು ಪದಗಳನ್ನು ಒಂದಕ್ಕೊಂದು ಪರಿಚಯ ಮಾಡಿಸಿದರೆ ಸಾಕು.

ವಾರಕ್ಕೆ ನಾಲ್ಕೇ ಪದ ಅಂತ ಇಟ್ಟುಕೊಂಡೆ. ರಟ್ಟಿನ ಚೀಟಿಯಲ್ಲಿ ಬರೆದು ನಲಿ-ಕಲಿಯ ಹಾಗೆ ದಾರಕ್ಕೆ ಕ್ಲಿಪ್ ಹಾಕುವುದು. ಮೂರು ವಾರ ತೂಗಲಿ. ಆಮೇಲೆ ಮೂಲೆಯಲ್ಲಿಟ್ಟ ಒಂದು ಮಣ್ಣಿನ ಗಡಿಗೆಗೆ ಹಾಕುವುದು. ಇಷ್ಟು ಕಡಿಮೆ ಪದ ಆದರೆ ಪುಸ್ತಕ ಯಾವಾಗ ಮುಗಿಯುತ್ತೆ ಅಂತ ಜೊತೆಯ ಶಿಕ್ಷಕರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ವರ್ಷಕ್ಕೆ ನೂರು ಚಿಲ್ಲರೆ ಪದ ಮಾತ್ರ ಆಗುತ್ತದೆ. ಆದರೆ ದಿನಕ್ಕೆ ಹತ್ತು ಪದ ಬರೆಸಿದಾಗ ನಮ್ಮ ಕೈಲಿ ಉಳಿದದ್ದು ಎಷ್ಟು ಅಂತ ನಾನು ಕಣ್ಣಾರೆ ನೋಡಿದ್ದೆ.

ಹಾಜರಿ ಹಲಗೆ

ಪ್ರತಿ ತರಗತಿಯ ಬೋರ್ಡಿನ ಮೂಲೆಯಲ್ಲಿ ಒಂದು ಸಣ್ಣ ಚೌಕ ಇರುತ್ತದೆ ಅಲ್ವಾ? ದಾಖಲಾತಿ, ಹಾಜರು, ಗೈರು. ಗಂಡು, ಹೆಣ್ಣು, ಒಟ್ಟು. ಮಕ್ಕಳು ದಿನಾ ಅದರಲ್ಲಿ ಅಂಕಿ ತುಂಬುತ್ತಾರೆ. ವರ್ಷಗಟ್ಟಲೆ ತುಂಬಿದರೂ ಆ ಪದಗಳನ್ನು ಬಾಯಿಂದ ಆಡುವುದಿಲ್ಲ.

ಆಗಸ್ಟ್ ತಿಂಗಳಿಂದ ಅಂಕಿ ಬರೆದ ಮಗು ಅದನ್ನು ವಾಕ್ಯದಲ್ಲಿ ಹೇಳಬೇಕು ಅಂತ ಮಾಡಿದೆ. ಮೊದಮೊದಲು "ಇಪ್ಪತ್ನಾಕು ಹಾಜರ್, ಮೂರು ಗೈರ್" ಅಷ್ಟೇ. ನಾನು ಒಂದು ಚೀಟಿ ದಾರಕ್ಕೆ ಸಿಕ್ಕಿಸಿದೆ: ಬಹುತೇಕ. "ಇವತ್ತು ಬಹುತೇಕ ಎಲ್ಲರೂ ಬಂದಾರ." ಮುಂದಿನ ವಾರ: ಕಾರಣ. "ಮೂವರು ಗೈರು. ಒಬ್ಬನಿಗೆ ಜ್ವರ, ಅದು ಕಾರಣ." ಆಮೇಲೆ ಬಂದ ಪದ ಬಹುಶಃ. ಇದು ನನಗೆ ಬಹಳ ಪ್ರೀತಿಯ ಪದ ಆಯಿತು. ಅಲ್ಲಿಯವರೆಗೆ ಗೈರಾದವರ ಬಗ್ಗೆ ಕೇಳಿದರೆ ಎರಡೇ ಉತ್ತರ: "ಊರಿಗೆ ಹೋಗ್ಯಾನ್ರಿ", ಇಲ್ಲದಿದ್ದರೆ "ಗೊತ್ತಿಲ್ರಿ". ಬಹುಶಃ ಬಂದ ಮೇಲೆ ಮಕ್ಕಳು ಊಹೆ ಮಾಡಿ, ಅದು ಊಹೆ ಅಂತ ತಾವೇ ಹೇಳತೊಡಗಿದರು. "ಬಹುಶಃ ಅವರ ಮನ್ಯಾಗ ಮಗ್ಗಕ್ಕ ಹಾಸು ಹೂಡಾಕತ್ತಾರ್ರಿ, ಅದಕ್ಕ ಬಂದಿಲ್ಲ." ಗಣಿತದಲ್ಲಿ ಒಬ್ಬಳು ಎದ್ದು "ಬಹುಶಃ ನಲವತ್ತರ ಹತ್ರ ಬರ್ತೈತ್ರಿ" ಅಂದಾಗ ನಾನು ಪಾಠ ನಿಲ್ಲಿಸಿ ಅವಳ ಮಾತನ್ನು ಇನ್ನೊಮ್ಮೆ ಹೇಳಿಸಿದೆ.

ಅದೇ ಹಲಗೆಯ ಮುಂದೆ ಇನ್ನೊಂದು ನಡೆಯಿತು. ಮನೆಯಲ್ಲಿ ಉರ್ದು ಆಡುವ ಒಬ್ಬ ಹುಡುಗ ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಕನ್ನಡ ತಪ್ಪಾದರೆ ಬೇರೆಯವರು ನಗುತ್ತಾರೆ ಅನ್ನುವ ಅಂಜಿಕೆ. ಒಂದು ದಿನ ನಾನು ಹೇಳಿದೆ: ಈ ಚೌಕದಲ್ಲಿರುವ ಹಾಜರು, ಗೈರು, ದಾಖಲಾತಿ, ಮೂರೂ ಅರಬ್ಬಿ-ಪಾರಸಿ ಕಡೆಯಿಂದ ಬಂದು ಕನ್ನಡಕ್ಕೆ ಸೇರಿದ ಪದಗಳು. ನಾವು ದಿನಾ ಆಡುವ ಜಾಸ್ತಿ, ಖಾಲಿ ಕೂಡ ಹಾಗೇ. ಅವನು ತಲೆ ಎತ್ತಿದ. "ನಮ್ಮ ಮನ್ಯಾಗೂ ಹಾಜಿರ್ ಅಂತಾರ್ರಿ." ಮರುದಿನ ಮೂರು ಪದ ಕೇಳಿಕೊಂಡು ಬಂದ. ಅದಾದ ಮೇಲೆ ಹಾಜರಿ ಹೇಳುವ ಪಾಳಿಗೆ ಅವನು ತಪ್ಪಿಸಿಕೊಳ್ಳಲಿಲ್ಲ.

ತಾಂಡಾದ ಹುಡುಗಿಯ ಜೊತೆಗೂ ಇಂಥದ್ದೇ. ಅವಳ ಮನೆಯಲ್ಲಿ ನೀರಿಗೆ ಪಾಣಿ ಅನ್ನುತ್ತಾರೆ. ಪಾಠದಲ್ಲಿ ಪಾನೀಯ ಅಂತ ಬಂತು. "ನಿನ್ನ ಪಾಣಿ ಇದರಲ್ಲಿ ಎಲ್ಲಿದೆ ಹುಡುಕು" ಅಂದೆ. ಬೆರಳಿಟ್ಟು ತೋರಿಸಿದಳು. ಪಕ್ಕದವಳು "ಹಂಗಾದ್ರ ಪಾನಕದಾಗೂ ಐತಿ" ಅಂದಳು. ಯಾರೂ ಹೇಳಿಕೊಡದೆ ಸಿಕ್ಕ ಮೂರನೇ ಪದ ಅದು.

ತಪ್ಪು ಬಳಕೆಯೇ ಒಳ್ಳೆಯ ಪಾಠ

ಅಭಾವಕ್ಕೆ ಮತ್ತೆ ಬರುತ್ತೇನೆ. ಅದನ್ನು ದಾರಕ್ಕೆ ಹಾಕಿದ ವಾರ ಸೀಮೆಸುಣ್ಣ ಮುಗಿಯುತ್ತಾ ಬಂದಿತ್ತು. ಎರಡೇ ತುಂಡು. "ನಮ್ಮಲ್ಲಿ ಸೀಮೆಸುಣ್ಣದ ಅಭಾವ ಇದೆ, ಸಣ್ಣದಾಗಿ ಬರೆಯೋಣ" ಅಂದೆ. ಮರುದಿನ ಹಾಲು ಕುಡಿಯುವಾಗ ಒಬ್ಬಳು: "ಇವತ್ತ ಸಕ್ಕರಿ ಅಭಾವ ಐತ್ರಿ." ಎಲ್ಲರಿಗೂ ಪದ ರುಚಿಸಿತು. ಅಲ್ಲಿಂದ ಎಲ್ಲದಕ್ಕೂ ಅದೇ. ಹಾಜರಿಯ ಹೊತ್ತಿಗೆ ಒಬ್ಬ ಎದ್ದು, "ನಮ್ಮ ತಮ್ಮನ ಅಭಾವ ಐತ್ರಿ ಟೀಚರ್" ಅಂದ. ತಮ್ಮ ಅಂದು ಶಾಲೆಗೆ ಬಂದಿರಲಿಲ್ಲ.

ಮೊದಲಾದರೆ ನಾನು ತಿದ್ದಿ ಮುಂದೆ ಹೋಗುತ್ತಿದ್ದೆ. ಈ ಸಲ ತರಗತಿಗೇ ಬಿಟ್ಟೆ. ತಮ್ಮ ಇಲ್ಲ, ಸಕ್ಕರೆ ಇಲ್ಲ. ಎರಡಕ್ಕೂ ಒಂದೇ ಪದ ಆಗುತ್ತದಾ? ಚರ್ಚೆ ಹತ್ತು ನಿಮಿಷ ನಡೆಯಿತು. ಒಬ್ಬಳು ಹೇಳಿದಳು: ಬರಬೇಕಾದವರು ಬರದಿದ್ದರೆ ಗೈರು. ಇನ್ನೊಬ್ಬ ಹೇಳಿದ: ಎಲ್ಲರಿಗೂ ಬೇಕು, ಆದರೆ ಸಿಗ್ತಿಲ್ಲ ಅಂದರೆ ಅಭಾವ. "ಮತ್ತ ಕೊರತೆ?" ಅಂತ ಮೂರನೆಯವಳು. ಇದಕ್ಕೆ ಬಹಳ ಹೊತ್ತು ಹಿಡಿಯಿತು. ಕೊನೆಗೆ ಆ ಜುಲೈ ಹುಡುಗಿಯೇ ಉತ್ತರ ಕೊಟ್ಟಳು. "ಹತ್ತು ಲೋಟ ಬೇಕಾದಲ್ಲಿ ಎಂಟು ಇದ್ರ ಎರಡು ಕೊರತಿ ಅಂತೀವಿ. ಎರಡು ಅಭಾವ ಅನ್ನಂಗಿಲ್ಲ." ಕೊರತೆಯನ್ನು ಎಣಿಸಬಹುದು, ಅಭಾವವನ್ನು ಹಾಗೆ ಎಣಿಸಿ ಹೇಳುವುದಿಲ್ಲ. ಇದನ್ನು ನಾನೂ ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಎರಡು ತಿಂಗಳ ಹಿಂದೆ ಒಂದರ ಅರ್ಥಕ್ಕೆ ಇನ್ನೊಂದನ್ನು ಕೊಟ್ಟವಳು ಈಗ ಎರಡನ್ನೂ ಬೇರೆ ಬೇರೆ ಹಿಡಿದು ತೋರಿಸಿದ್ದಳು.

ಹಾಸು, ಹೊಕ್ಕು

ಅಕ್ಟೋಬರ್ ಹೊತ್ತಿಗೆ ಓದಲು ಕೊಟ್ಟ ಒಂದು ತುಣುಕಿನಲ್ಲಿ "ಹಬ್ಬಗಳು ನಮ್ಮ ಬದುಕಿನಲ್ಲಿ ಹಾಸುಹೊಕ್ಕಾಗಿವೆ" ಅಂತ ಒಂದು ಸಾಲು ಇತ್ತು. ನಾನು ಅರ್ಥ ಹೇಳಲು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನ ಹುಡುಗ ಕೈ ಎತ್ತಿದ. ಓದುವಾಗ ಪ್ರತಿ ಪದಕ್ಕೂ ನಿಲ್ಲುವವನು, ಕೈ ಎತ್ತಿದ್ದು ನಾನು ಕಂಡಿರಲೇ ಇಲ್ಲ.

"ಅದು ಮಗ್ಗದ್ದು ರೀ."

ಮುಂದೆ ಬಂದು ತೋರಿಸು ಅಂದೆ. ಅವನು ಮೇಜಿನ ಮೇಲೆ ಎಡಗೈ ಬೆರಳುಗಳನ್ನು ಅಗಲವಾಗಿ ಚಾಚಿದ. ಇವು ಹಾಸು, ಉದ್ದಕ್ಕ ಇರ್ತಾವ. ಬಲಗೈಯಲ್ಲಿ ಒಂದು ಪೆನ್ಸಿಲ್ ಹಿಡಿದು ಬೆರಳುಗಳ ಮೇಲೆ ಕೆಳಗೆ ತೂರಿಸಿದ. ಇದು ಲಾಳಿ. ಲಾಳಿ ಒಳಗ ಕಂಡಿಕಿ ಇರ್ತೈತಿ, ಅದರ ದಾರ ಅಡ್ಡ ಹೋಗ್ತೈತಿ. ಅದು ಹೊಕ್ಕು. "ಒಂದನ್ನ ತಗದ್ರ ಸೀರಿ ಇರಂಗಿಲ್ರಿ. ಬರೇ ದಾರ ಉಳೀತೈತಿ."

ಹಬ್ಬ ಹಾಸುಹೊಕ್ಕಾಗಿದೆ ಅಂದರೆ ಏನು ಹಾಗಾದರೆ? ಅವನೇ ಹೇಳಿದ: "ಹಬ್ಬ ತಗದ್ರ ಬದುಕು ಬರೇ ದಾರ ರೀ."

ಆ ದಿನ ಅವನನ್ನು ಇನ್ನೂ ಎರಡು ಸಲ ಹೇಳಿಸಿದೆವು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಸೇರಿಸುವುದಕ್ಕೆ ಕೊಂಡಿ ಅನ್ನುತ್ತಾರೆ ಅಂತ ಬೇರೆ ಮಕ್ಕಳು ಸೇರಿಸಿದರು. ಮುಂದೆ ಆಹಾರ ಸರಪಳಿ ಪಾಠದಲ್ಲಿ ಕೊಂಡಿ ಅನ್ನುವ ಪದ ಬಂದಾಗ ನಾನು ಏನೂ ಹೇಳಬೇಕಾಗಲಿಲ್ಲ.

ಅದೇ ವಾರ ಒಬ್ಬ ಕೇಳಿದ, ಕನ್ನಡದಾಗ ಎಷ್ಟು ಪದ ಅದಾವ್ರಿ ಅಂತ. ಕಿಟೆಲ್ ಬಗ್ಗೆ ಹೇಳಿದೆ. ಜರ್ಮನಿಯಿಂದ ಬಂದ ಪಾದ್ರಿ, ಹಳೆಯ ಕಾವ್ಯ ಓದಿ, ಜನರನ್ನು ಕೇಳಿ, 1894ರಲ್ಲಿ ಮಂಗಳೂರಿನಿಂದ ಸುಮಾರು 70,000 ಪದಗಳ ನಿಘಂಟು ತಂದರು. "ನಮ್ಮೂರಾಗ ಕೇಳ್ಯಾರೇನ್ರಿ?" ಅಂದ. ನಾವೇ ಕೇಳೋಣ ಅಂದೆ. ಹೀಗೆ ಶನಿವಾರದ ಮನೆಪದ ಶುರುವಾಯಿತು. ಶನಿವಾರ ಬೆಳಗಿನ ಶಾಲೆ. ಬರುವಾಗ ಮನೆಯ ದೊಡ್ಡವರಿಂದ ಒಂದು ಪದ ಕೇಳಿಕೊಂಡು ಬರಬೇಕು. ಸೀರೆಯ ದಡಿ, ಒಕ್ಕಲುತನದ ಕೂರಿಗಿ, ಕುಂಟಿ, ಕಣ, ಹರಗುವುದು. ಒಬ್ಬಳ ಅಜ್ಜಿ ಪದ ಹೇಳಿದ್ದಲ್ಲದೆ ತಾನೇ ಗೇಟಿನವರೆಗೆ ಬಂದು, ಮೊಮ್ಮಗಳು ಸರಿಯಾಗಿ ಹೇಳಿದಳಾ ಅಂತ ಕೇಳಿ ಹೋದರು.

ಬಾಗಿಲ ಚೀಟಿ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲ ಶಾಲೆಯಲ್ಲೂ ಮಾಡಬಹುದಾದ್ದು. ಸಂಜೆ ಹೊರಡುವಾಗ ಐದು ಮಕ್ಕಳು ಗಡಿಗೆಯಿಂದ ಒಂದೊಂದು ಚೀಟಿ ಎತ್ತಿ, ಆ ಪದ ಇಟ್ಟು ಇಂದು ನಡೆದ ಒಂದು ಸಂಗತಿ ಹೇಳಿ ಹೊರಡಬೇಕು. ಮೂರು ನಿಮಿಷ. ಅರ್ಥ ಕೇಳುವುದಿಲ್ಲ. ಹೇಳಲು ಬಾರದಿದ್ದರೆ ಚೀಟಿ ಗಡಿಗೆಗೆ ವಾಪಸ್, ಬೈಗುಳ ಇಲ್ಲ. ಹೀಗೆ ಆಗಸ್ಟಿನ ಪದ ಜನವರಿಯಲ್ಲೂ ಒಮ್ಮೆ ಕೈಗೆ ಸಿಗುತ್ತಿತ್ತು. ಮರೆಯುವ ಹೊತ್ತಿಗೆ ನೆನಪು ಮಾಡಿಕೊಂಡರೆ ಪದ ಗಟ್ಟಿಯಾಗುತ್ತದೆ.

ಆಗದೇ ಹೋದದ್ದು

ಎಲ್ಲ ಪದಕ್ಕೂ ದಿನದಲ್ಲಿ ಜಾಗ ಸಿಗಲಿಲ್ಲ. ರೊಟ್ಟಿ ಮುರಿದು ಅರ್ಧ, ಕಾಲು ತೋರಿಸಿ ಅಂಶ, ಛೇದದವರೆಗೆ ಬಂದೆವು. ಅಪವರ್ತನಕ್ಕೆ ಹಾಲಿನಲ್ಲೂ ಜಾಗ ಇರಲಿಲ್ಲ, ಊಟದಲ್ಲೂ ಇರಲಿಲ್ಲ. ಅದನ್ನು ಹಳೆಯ ಹಾಗೆ ಲೆಕ್ಕ ಮಾಡಿಸಿಯೇ ಕಲಿಸಿದೆ. ಇನ್ನೊಂದು, ಬಾಯಲ್ಲಿ ಬಂದ ಪದ ಬರವಣಿಗೆಗೆ ಇಳಿಯಲು ತಿಂಗಳುಗಳು ಹಿಡಿದವು. ಹಾಜರಿಯಲ್ಲಿ ಬಹುಶಃ ಅನ್ನುವ ಮಗು ಪ್ರಬಂಧದಲ್ಲಿ ಅದನ್ನು ಬಳಸುತ್ತಿರಲಿಲ್ಲ. ವಿಸರ್ಗ ಎಲ್ಲಿ ಹಾಕಬೇಕು ಅನ್ನುವ ಭಯಕ್ಕೆ ಪದವನ್ನೇ ಬಿಡುತ್ತಿದ್ದರು. ಡಿಸೆಂಬರಿನಲ್ಲಿ, ಚೀಟಿ ನೋಡಿ ಬರೆಯಬಹುದು ಅಂದ ಮೇಲೆ ಬರೆದರು. ಅದನ್ನು ಆಗಸ್ಟಿನಲ್ಲೇ ಹೇಳಬೇಕಿತ್ತು.

ನನಗೆ ಇವತ್ತಿಗೂ ಚುಚ್ಚುವುದು ಬೇರೆ. ಪಾನೀಯದಲ್ಲಿ ತನ್ನ ಪಾಣಿ ಹುಡುಕಿದ ಆ ತಾಂಡಾದ ಹುಡುಗಿ ದೀಪಾವಳಿ ಮುಗಿದ ಮೇಲೆ ಬರಲಿಲ್ಲ. ಹಾಜರಿ ಹಲಗೆಯಲ್ಲಿ ಅವಳ ಹೆಸರಿನ ಮುಂದೆ ಕಾರಣ ಹೇಳುವಾಗ ಮಕ್ಕಳು ಬಹುಶಃ ಅನ್ನಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಗುಳೆ. ಮನೆಮಂದಿಯೆಲ್ಲ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗಿದ್ದರು. ದಿನದ ರೂಢಿಯ ಮೇಲೆ ನಿಂತ ಯಾವ ಪದ್ಧತಿಯೂ ಶಾಲೆಯಲ್ಲಿ ದಿನ ಕಳೆಯಲಾಗದ ಮಗುವಿಗೆ ತಲುಪುವುದಿಲ್ಲ. ನನ್ನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ.

ಮಾರ್ಚ್ ಕೊನೆಗೆ ಅವಳು ವಾಪಸ್ ಬಂದಳು. ಮೊದಲ ದಿನ ಗಡಿಗೆಯಿಂದ ಚೀಟಿ ಎತ್ತಿ ಬಹಳ ಹೊತ್ತು ನೋಡಿ ಒಳಗೆ ಹಾಕಿದಳು. ಎರಡನೆಯದೂ ಹಾಗೇ. ಶನಿವಾರ ಮನೆಪದದ ಪಾಳಿ ಅವಳದು. ನಾನು ಬಿಟ್ಟು ಮುಂದೆ ಹೋಗೋಣ ಅಂದುಕೊಂಡಿದ್ದೆ. ಅವಳೇ ಎದ್ದು ನಿಂತಳು.

"ಕೊಯ್ತಾ."

ಹಾಗಂದ್ರೆ?

"ಕಬ್ಬು ಕಡಿಯೋ ಕತ್ತಿ ರೀ. ಅಲ್ಲಿ ಗಂಡ-ಹೆಂಡತಿ ಜೋಡಿಗೂ ಕೊಯ್ತಾ ಅಂತಾರ. ಒಂದು ಕೊಯ್ತಾ ಅಂದ್ರ ಇಬ್ಬರು."

ಕೋಣೆ ಸುಮ್ಮನಾಯಿತು. ಮಗ್ಗದ ಮನೆಯ ಆ ಹುಡುಗ ಕೇಳಿದ: "ಹಂಗಾದ್ರ ನಿಮ್ಮ ಅಪ್ಪ-ಅವ್ವ ಕೂಡಿ ಒಂದು ಕೊಯ್ತಾ?"

"ಹೌದು."

"ಮತ್ತ ನೀ?"

"ನಾನು ತಮ್ಮನ್ನ ನೋಡ್ಕೊತಿದ್ನಿ. ನನಗ ಪದ ಇಲ್ಲ."

ಅವಳ ಕೈಯಿಂದಲೇ ಕೊಯ್ತಾ ಅಂತ ಬರೆಸಿ ದಾರಕ್ಕೆ ಹಾಕಿದೆವು. ಪಕ್ಕದಲ್ಲಿ ಒಂದು ಖಾಲಿ ಚೀಟಿಯನ್ನೂ ಸಿಕ್ಕಿಸಬೇಕು ಅಂತ ಮಕ್ಕಳು ಹೇಳಿದರು. ಸಿಕ್ಕಿಸಿದೆವು.